ನಾನು ಮೋಟಾರು ಸೈಕಲ್ಲು ಕೊಂಡದ್ದು

ಅರುವತ್ತು ದಾಟಿದವನು ಕೊಳ್ಳತಕ್ಕ ವಸ್ತುಗಳಾವುವು ಎಂದು ಯಾರನ್ನಾದರೂ ಕೇಳಿದರೆ, ಊರುಗೋಲು, ಕಂಬಳಿ, ಒಂದು ಒಳ್ಳೆಯ ಕನ್ನಡಕ ಎಂದು ಹೇಳಿಯಾರೇ ಹೊರತು ಮೋಟಾರು ಸೈಕಲ್ಲು ಎಂದು ಯಾರೂ ಹೇಳಲಾರರು. ಅದರಲ್ಲಿಯೂ, ಮೂವತ್ತೈದು ವರ್ಷಗಳ ಕಾಲ ಹುಡುಗರಿಗೆ ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಬಾಯಿಪಾಠ ಮಾಡಿಸಿದ ಸಂಸ್ಕೃತದ ಮೇಷ್ಟರೊಬ್ಬರು ನಿವೃತ್ತರಾದ ಮರುವರ್ಷವೇ ಅಂಗಡಿಯಿಂದ ಅಂಗಡಿಗೆ ಅಲೆದು, “ಇದರ ಯಂತ್ರ ಎಷ್ಟು ಸೀಸೀ?” ಎಂದು ವಿಚಾರಿಸುತ್ತಿದ್ದರೆಂದರೆ ವಾಚಕರಿಗೆ ನಗು ಬಾರದೆ ಇರದು. ನಗಲಿ, ಈಗ ನಾನೂ ನಗಬಲ್ಲೆ. ಆದರೆ ಆ ಅಲೆದಾಟದಲ್ಲಿ ನಾನು ಕಲಿತ ಪಾಠವೊಂದುಂಟು. ಜೀವಮಾನವೆಲ್ಲ ಪಾಠ ಹೇಳಿದವನು ಕಲಿತ ಪಾಠವಾದ್ದರಿಂದ ಅದನ್ನು ಬರೆದಿಡುವುದು ಯುಕ್ತವೆಂದು ತೋರಿತು.

ಈ ಆಸೆ ಇಂದು ನಿನ್ನೆಯದಲ್ಲ. ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ ಆಗಿನ ಕಾಲಕ್ಕೆ ನಮ್ಮ ಊರಿಗೊಂದು ಭೂಷಣವಾಗಿತ್ತು. ಜೆಕೊಸ್ಲೊವಾಕಿಯಾ ದೇಶದ ಜಾವಾ ಮೋಟಾರು ಸೈಕಲ್ಲು ಅಲ್ಲಿ ತಯಾರಾಗುತ್ತಿತ್ತು. ಮುಂದೆ ಅದಕ್ಕೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು. ನಮ್ಮ ಬೀದಿಯಲ್ಲಿ ಅಲ್ಲಿಯ ನೌಕರರೊಬ್ಬರಿದ್ದರು. 1974ರಲ್ಲಿ, ನನಗೆ ಹತ್ತು ವರ್ಷವಾಗಿದ್ದಾಗ, ಒಂದು ಭಾನುವಾರ ಅವರು ನನ್ನನ್ನು ಎಣ್ಣೆಯ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಚಾಮುಂಡಿಬೆಟ್ಟದ ಬುಡದವರೆಗೆ ಹೋಗಿಬಂದರು. ಅದು 250 ಸೀಸೀ ಎಂದು ಅವರು ಹೇಳಿದರು. ಸೀಸೀ ಎಂದರೇನೆಂದು ನನಗೆ ತಿಳಿಯದು. ಆದರೂ ಆ ಸಂಖ್ಯೆಯನ್ನು ಮಂತ್ರದಂತೆ ಬಹುಕಾಲ ಜಪಿಸಿದೆ.

ಜಪ ಮಾಡಿದರೇನು? ತಂದೆಯವರ ಆದಾಯ ಅಲ್ಪ; ತಂಗಿಯರಿಬ್ಬರ ವಿವಾಹ; ಆ ಮೇಲೆ ನನ್ನ ಸಂಸಾರ, ಮಗನ ವಿದ್ಯಾಭ್ಯಾಸ. ಮೊದಲು ಬೈಸಿಕಲ್ಲನ್ನು ತುಳಿದೆ; ಅನಂತರ ನೂರು ಸೀಸೀಯ ಪುಟ್ಟ ಗಾಡಿಯೊಂದನ್ನು ಕೊಂಡು, ಅದರ ಮೇಲೆಯೇ ಮೂವತ್ತು ವರ್ಷ ಶಾಲೆಗೂ ಸಂತೆಗೂ ಆಸ್ಪತ್ರೆಗೂ ಓಡಾಡಿದೆ. ಅದರ ಮೇಲೆ ನನಗೆ ಯಾವ ದೂರೂ ಇಲ್ಲ.

ನಿವೃತ್ತಿಯ ಹಣ ಕೈಗೆ ಬಂದ ಮೇಲೆ ಹಳೆಯ ಆಸೆ ತಲೆಯೆತ್ತಿತು. ಪುಣೆಯಲ್ಲಿರುವ ಮಗನಿಗೆ ಸಂಕೋಚದಿಂದಲೇ ತಿಳಿಸಿದೆ. ಅವನು ನಗುವನೆಂದಿದ್ದೆ, ನಗಲಿಲ್ಲ. “ಅಪ್ಪಾ, ಇಷ್ಟು ವರ್ಷ ನೀವು ನಿಮಗೆಂದು ಏನನ್ನೂ ಕೊಳ್ಳಲಿಲ್ಲ. ಈಗ ಕೊಳ್ಳುವುದಾದರೆ ಚಿಕ್ಕದೇಕೆ? 650 ತೆಗೆದುಕೊಳ್ಳಿ. ಕಡಮೆ ಬಿದ್ದ ಹಣವನ್ನು ನಾನು ಕಳುಹಿಸುತ್ತೇನೆ. ಬೆಂಗಳೂರಿನ ದೊಡ್ಡ ರಸ್ತೆಯಲ್ಲಿ ಹಾರಿಕೊಂಡು ಹೋಗಬಹುದು” ಎಂದನು. ನನ್ನ ಗೃಹಿಣಿ ಹತ್ತಿರದಲ್ಲೇ ಹುರುಳಿಕಾಯಿ ಸೋಸುತ್ತಿದ್ದಳು. ಆಕೆ ಏನೂ ಹೇಳಲಿಲ್ಲ. ಮೌನವನ್ನು ಸಮ್ಮತಿಯೆಂದು ಎಣಿಸುವುದು ಪತಿಗಳ ಸ್ವಭಾವವಷ್ಟೆ. ನಾನೂ ಹಾಗೆಯೇ ಎಣಿಸಿದೆ.

ನನಗೆ ಬೇಕಾಗಿದ್ದುದು ಕ್ರೂಸರ್ ಎಂಬ ಜಾತಿಯ ವಾಹನ. ಆಸನ ತಗ್ಗು, ಹಿಡಿ ಅಗಲ, ಕಾಲುಗಳನ್ನು ತುಸು ಮುಂದಕ್ಕೆ ಚಾಚಿ, ಬೆನ್ನು ನೆಟ್ಟಗೆ ಮಾಡಿ, ಅಂಗಳದ ಕುರ್ಚಿಯಲ್ಲಿ ಕುಳಿತಂತೆ ಕೂರಬಹುದು. ಓಟದ ಪಂದ್ಯಕ್ಕಲ್ಲ, ದೂರದ ದಾರಿಯನ್ನು ನೆಮ್ಮದಿಯಿಂದ ಕ್ರಮಿಸುವುದಕ್ಕೆ ಮಾಡಿದ್ದು. ನಾನು ಇದಕ್ಕೆ ವಿಹಾರಯಾನವೆಂದು ಹೆಸರಿಟ್ಟೆ. ಹೆಸರಿಡುವುದು ಸುಲಭ; ಯಂತ್ರ ಎಷ್ಟು ದೊಡ್ಡದಿರಬೇಕೆಂಬುದೇ ಪ್ರಶ್ನೆ.

ಶಾಸ್ತ್ರವನ್ನು ಓದಿದವನಿಗೆ ಎಲ್ಲಕ್ಕೂ ಶಾಸ್ತ್ರಮಾರ್ಗವೇ ತೋರುವುದು. ನಮ್ಮಲ್ಲಿ ಯಾವ ಶಾಸ್ತ್ರಗ್ರಂಥವನ್ನು ಆರಂಭಿಸುವಾಗಲೂ ಅನುಬಂಧಚತುಷ್ಟಯವೆಂಬ ನಾಲ್ಕು ಸಂಗತಿಗಳನ್ನು ಮೊದಲು ವಿಚಾರಿಸುವುದು ಪದ್ಧತಿ. ಪ್ರತಿಪಾದ್ಯವಾದ ವಿಷಯ ಯಾವುದು, ಅದರ ಪ್ರಯೋಜನವೇನು, ಸಂಬಂಧವೆಂಥದು, ಇದಕ್ಕೆ ಅಧಿಕಾರಿ, ಅಂದರೆ ತಕ್ಕವನು, ಯಾರು. ನಾನು ಒಂದು ನೋಟುಪುಸ್ತಕವನ್ನು ತೆರೆದು ಈ ನಾಲ್ಕು ತಲೆಬರಹಗಳನ್ನು ಬರೆದೆ.

ವಿಷಯವನ್ನು ಕುರಿತು ಬಹಳ ಬರೆದೆ. ಯಂತ್ರದ ಒಡಲಿನಲ್ಲಿ ಸಿಲಿಂಡರು ಎಂಬ ಕೊಳವೆಯುಂಟು. ಅದರೊಳಗೆ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಮೇಲಿನ ತುದಿಯಿಂದ ಕೆಳಗಿನ ತುದಿಗೆ ಪಿಸ್ಟನ್ನು ಇಳಿಯುವಾಗ ಎಷ್ಟು ಜಾಗ ತೆರವಾಗುವುದೋ ಅಷ್ಟು ಘನ ಸೆಂಟಿಮೀಟರು, ಅದೇ ಸೀಸೀ. ಕೊಳವೆಯ ವ್ಯಾಸವನ್ನು ಬೋರು ಎಂದೂ ಪಿಸ್ಟನ್ನು ನಡೆಯುವ ದೂರವನ್ನು ಸ್ಟ್ರೋಕು ಎಂದೂ ಮೆಕ್ಯಾನಿಕರು ಕರೆಯುವರು. ಹಳೆಯ ಬುಲೆಟ್ಟಿನ ಬೋರು 70 ಮಿಲಿಮೀಟರು, ಸ್ಟ್ರೋಕು 90. ಬಾಲ್ಯದಲ್ಲಿ ಕಲಿತ ವೃತ್ತಕ್ಷೇತ್ರದ ಸೂತ್ರದಿಂದ ಗುಣಿಸಿ ನೋಡಿದೆ, 346 ಬಂದಿತು. ಪುಸ್ತಕದಲ್ಲಿಯೂ ಅಷ್ಟೇ ಇತ್ತು. ಐವತ್ತು ವರ್ಷ ಅರ್ಥವಿಲ್ಲದೆ ಜಪಿಸಿದ ಮಂತ್ರಕ್ಕೆ ಅಂದು ಅರ್ಥವಾದಂತಾಯಿತು.

ಅನಂತರ ಈಗಿನ ವಾಹನಗಳನ್ನು ತೆಗೆದುಕೊಂಡೆ. ರಾಯಲ್ ಎನ್‌ಫೀಲ್ಡ್‌ನವರು 2020ರಲ್ಲಿ ಹೊರತಂದ ಮೀಟಿಯರ್ 350ರ ಬೋರು 72, ಸ್ಟ್ರೋಕು 85.8, ಗುಣಿಸಿದರೆ 349 ಸೀಸೀ. ಶಕ್ತಿ ಸುಮಾರು 20 ಅಶ್ವಶಕ್ತಿ, ತೂಕ 191 ಕಿಲೋಗ್ರಾಮು. ಅವರದೇ ಸೂಪರ್ ಮೀಟಿಯರ್ 650ರಲ್ಲಿ ಸಿಲಿಂಡರು ಎರಡು. ಬೋರು 78, ಸ್ಟ್ರೋಕು 67.8, ಎರಡೂ ಸೇರಿ 648 ಸೀಸೀ. ಶಕ್ತಿ ಸುಮಾರು 46 ಅಶ್ವಶಕ್ತಿ, ತೂಕ 241 ಕಿಲೋಗ್ರಾಮು. ನೆರೆಮನೆಯ ಹುಡುಗನ ಅವೆಂಜರ್ 220 ಸೀಸೀ. ಅದರ ತೂಕ 160ಕ್ಕೆ ಸ್ವಲ್ಪ ಮೇಲು. ಇನ್ನು ಜಗತ್ತಿನಲ್ಲಿ ಎಲ್ಲಿಯವರೆಗೆ ಹೋಗಿದ್ದಾರೆಂದು ನೋಡಿದರೆ, ಟ್ರಯಂಫ್ ರಾಕೆಟ್ 3 ಎಂಬುದರ ಯಂತ್ರ 2,458 ಸೀಸೀ. ನಮ್ಮ ಕಾಲದಲ್ಲಿ ಐದು ಜನರ ಸಂಸಾರವನ್ನು ಸಾಮಾನುಸಹಿತ ಎಳೆಯುತ್ತಿದ್ದ ಮಾರುತಿ 800 ಕಾರಿನ ಯಂತ್ರ 796 ಸೀಸೀ ಮಾತ್ರ. ಅಂದಮೇಲೆ ಮೂರು ಕಾರುಗಳ ಯಂತ್ರವನ್ನು ಎರಡು ಗಾಲಿಗಳ ನಡುವೆ ಕಟ್ಟಿದಂತಾಯಿತು!

ಸಂಬಂಧವೆಂಬ ತಲೆಬರಹದ ಕೆಳಗೆ ವಾಹನಕ್ಕೂ ಮನೆಯ ಹಣದ ಪೆಟ್ಟಿಗೆಗೂ ಇರುವ ಸಂಬಂಧವನ್ನು ಬರೆದೆ. 2025ನೆಯ ಇಸವಿ ಸೆಪ್ಟೆಂಬರು 22ರಿಂದ 350 ಸೀಸೀಯವರೆಗಿನ ದ್ವಿಚಕ್ರವಾಹನಗಳ ಮೇಲಣ ಜಿ.ಎಸ್.ಟಿ. ತೆರಿಗೆ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು; 350ನ್ನು ಮೀರಿದವುಗಳಿಗೆ ಅದು 40ಕ್ಕೆ ಏರಿತು. ಆದ ಪ್ರಯುಕ್ತ ಆ 650ರ ಬೆಲೆ 350ರ ಬೆಲೆಗೆ ಇಮ್ಮಡಿಯಷ್ಟಾಗುವುದು. ಮಗನ ಮಾತನ್ನು ನೆನೆದು ಇದನ್ನು ಲಕ್ಷ್ಯಕ್ಕೆ ತರಲಿಲ್ಲ.

ಪ್ರಯೋಜನದ ಕೆಳಗೆ “ವಿಹಾರ, ಬೆಂಗಳೂರಿಗೆ ಹೋಗಿಬರುವುದು” ಎಂದು ಬರೆದೆ. ಮಗನು ಹೇಳಿದ ಬೆಂಗಳೂರು ಮೈಸೂರು ಹೆದ್ದಾರಿಯ ನಡುದಾರಿಯಲ್ಲಿ 2023ರ ಆಗಸ್ಟು ಮೊದಲಿನಿಂದ ದ್ವಿಚಕ್ರವಾಹನಗಳಿಗೆ ಪ್ರವೇಶವೇ ಇಲ್ಲವೆಂದೂ, ಪಕ್ಕದ ಸರ್ವಿಸ್ ರಸ್ತೆಯಲ್ಲಿಯೇ ಹೋಗಬೇಕೆಂದೂ ಅನಂತರ ನೆನಪಾಯಿತು. ಅಲ್ಲಿ 650 ಆದರೇನು, 100 ಆದರೇನು? ಎಲ್ಲರೂ ಒಂದೇ ಎತ್ತಿನ ಗಾಡಿಯ ಹಿಂದೆ ನಿಲ್ಲತಕ್ಕವರೇ. ಇದನ್ನೂ ಲಕ್ಷ್ಯಕ್ಕೆ ತರಲಿಲ್ಲ.

ಅಧಿಕಾರಿಯ ಕೆಳಗೆ ಒಂದೇ ಶಬ್ದ ಬರೆದೆ: “ನಾನು.” ಹೆಚ್ಚು ಬರೆಯುವುದೇನಿದೆ? ಲೈಸೆನ್ಸು ಉಂಟು. ಯುರೋಪು ಖಂಡದ ದೇಶಗಳಲ್ಲಿ ಮೊದಲು 125 ಸೀಸೀಗೆ, ಅನಂತರ ಮಧ್ಯಮ ಶಕ್ತಿಯದಕ್ಕೆ, ಕೊನೆಗೆ ದೊಡ್ಡದಕ್ಕೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಲೈಸೆನ್ಸು ಕೊಡುವರಂತೆ. ನಮ್ಮಲ್ಲಿ ಹಾಗಿಲ್ಲ, ಗೇರಿನ ಮೋಟಾರು ಸೈಕಲ್ಲಿಗೆ ಒಮ್ಮೆ ಪಡೆದ ಲೈಸೆನ್ಸು ನೂರು ಸೀಸೀಗೂ ಸಲ್ಲುವುದು, ಎರಡು ಸಾವಿರಕ್ಕೂ ಸಲ್ಲುವುದು. ಸರ್ಕಾರವೇ ನನ್ನನ್ನು ಅಧಿಕಾರಿಯೆಂದ ಮೇಲೆ ಅನುಮಾನವೇಕೆ?

ದೀಪಾವಳಿ ಕಳೆದ ವಾರ ನಾನೂ ನನ್ನ ಗೃಹಿಣಿಯೂ ಅಂಗಡಿಗೆ ಹೋದೆವು. ಅಲ್ಲಿಯ ಮೇಲ್ವಿಚಾರಕನು ನನ್ನ ಹಳೆಯ ಶಿಷ್ಯ. “ಮೇಷ್ಟ್ರೇ, ಒಂದು ಸುತ್ತು ಹೋಗಿಬನ್ನಿ” ಎಂದು 650ರ ಬೀಗದ ಕೈಯನ್ನು ಕೊಟ್ಟನು. ರಸ್ತೆಗೆ ಇಳಿದ ಮೇಲೆ ಅದರ ಗಾಂಭೀರ್ಯವನ್ನು ಏನೆಂದು ಹೇಳಲಿ! ಐರಾವತದ ಮೇಲೆ ಕುಳಿತಂತಾಯಿತು. ಕೈಯನ್ನು ತುಸು ತಿರುವಿದರೆ ಸಾಕು, ರಸ್ತೆ ತಾನೇ ಹಿಂದಕ್ಕೆ ಓಡುವುದು. ಹತ್ತು ವರ್ಷದ ಹುಡುಗನಾಗಿ ಹಿಂದಿರುಗಿದೆ.

ಅಂಗಡಿಯ ಮುಂದೆ ಸ್ವಲ್ಪ ಇಳಿಜಾರು; ಸಣ್ಣ ಜಲ್ಲಿ ಚೆಲ್ಲಿತ್ತು. ಹೆಂಡತಿಯನ್ನು ಹತ್ತಿಸಿಕೊಂಡು ಇನ್ನೊಂದು ಸುತ್ತು ಹೋಗೋಣವೆಂದು ನಿಲ್ಲಿಸಿ ಎಡಗಾಲನ್ನು ಊರಿದೆ. ಕಾಲು ಜಲ್ಲಿಯ ಮೇಲೆ ಜಾರಿತು. ಓಡುವಾಗ ಹೂವಿನಂತಿದ್ದ ವಾಹನ ನಿಂತೊಡನೆ ಬಂಡೆಯಾಯಿತು. ಹಿಡಿಯಲು ನೋಡಿದೆ, ಆಗಲಿಲ್ಲ. ಮೆಲ್ಲಮೆಲ್ಲನೆ ವಾಲಿ, ನನ್ನನ್ನೂ ಕರೆದುಕೊಂಡು ನೆಲಕ್ಕೆ ಒರಗಿತು. ವಾಹನದ ದೋಷವೇನೂ ಇಲ್ಲ, ಅಂಗಡಿಯವರದೂ ಇಲ್ಲ. ಅದರ ಕಾಪುಕಂಬಿಯ ದೆಸೆಯಿಂದ ನನ್ನ ಕಾಲು ಉಳಿಯಿತು; ಮೊಣಕಾಲು ತರಚಿದ್ದು ಬಿಟ್ಟರೆ ಬೇರೆ ಗಾಯವಿಲ್ಲ.

ಬಿದ್ದುದರಿಂದ ನಾಚಿಕೆಯಾಗಲಿಲ್ಲ. ಎದ್ದು ಅದನ್ನು ಎತ್ತಲು ಹೋದೆನಲ್ಲಾ, ಆಗ ಆಯಿತು. ಬಗ್ಗಿ ಹಿಡಿಯನ್ನು ಹಿಡಿದು ಬಲವೆಲ್ಲವನ್ನೂ ಹಾಕಿದೆ. ಒಂದು ಅಂಗುಲ ಅಲುಗಲಿಲ್ಲ. ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಬಳೆಗಳ ಸದ್ದು ಕೇಳಿ ತಲೆಯೆತ್ತಿದೆ. ನನ್ನ ಗೃಹಿಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಐವತ್ತೆಂಟರ ವಯಸ್ಸಿನಲ್ಲಿ, ಆ ಯಂತ್ರವನ್ನು ಎತ್ತಲು ಕೈಹಾಕಿದ್ದಳು. ಅಂಗಡಿಯ ಹುಡುಗರಿಬ್ಬರು ಓಡಿಬಂದು, “ಬಿಡಿ ಅಮ್ಮಾ” ಎಂದು ಎತ್ತಿ ನಿಲ್ಲಿಸಿದರು.

ರಾತ್ರಿ ಮೊಣಕಾಲಿಗೆ ಎಣ್ಣೆ ಹಚ್ಚುತ್ತ ಆಕೆ ಕೇಳಿದಳು: “ಇದನ್ನು ಕೊಂಡು ಎಲ್ಲಿಗೆ ಹೋಗಬೇಕೆಂದಿದ್ದೀರಿ?”

“ಬೆಂಗಳೂರಿಗೆ” ಎಂದೆ.

“ಬೆಂಗಳೂರಿನಲ್ಲಿ ನಮಗೆ ಯಾರಿದ್ದಾರೆ?”

ನಾನು ಸುಮ್ಮನಾದೆ. ಆಕೆ ಮುಂದುವರಿದಳು: “ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ನನಗೆ ವೇಗ ಬೇಡ. ಅಮ್ಮ ಇರುವಷ್ಟು ದಿನ, ನೋಡಬೇಕೆಂದಾಗ ಊರಿಗೆ ಹೋಗಿಬರುವಂತಿದ್ದರೆ ಸಾಕು. ಬಸ್ಸಿನ ದಾರಿ ಕಾಯುವುದು ನನ್ನಿಂದ ಇನ್ನು ಆಗದು. ಅಪ್ಪನ ಕಾಲಕ್ಕೆ ಕಾದದ್ದು ಸಾಕು.”

ಈ ಮಾತಿನ ಅರ್ಥವನ್ನು ವಾಚಕರಿಗೆ ಹೇಳಬೇಕು. ಆಕೆಯ ತವರು ಮಲೆನಾಡಿನಲ್ಲಿ, ಬಾಳೆಹೊನ್ನೂರಿನಿಂದ ಒಳಕ್ಕೆ. ಮೈಸೂರಿನಿಂದ ಹಾಸನ, ಬೇಲೂರು, ಚಿಕ್ಕಮಗಳೂರು, ಆಲ್ದೂರುಗಳ ಮೇಲೆ ಇನ್ನೂರು ಕಿಲೋಮೀಟರಿಗೆ ಮೀರಿದ ದಾರಿ. ಕೊನೆಯ ಬಸ್ಸು ತಪ್ಪಿದರೆ ಆ ರಾತ್ರಿ ದಾರಿಯಲ್ಲಿಯೇ ಕಳೆಯಬೇಕು. 2003ರ ಮಳೆಗಾಲದಲ್ಲಿ ಒಂದು ಸಂಜೆ ನಮ್ಮ ಮಾವನವರಿಗೆ ಕಾಯಿಲೆ ಹೆಚ್ಚೆಂದು ಸುದ್ದಿ ಬಂದಿತು. ಬಾಡಿಗೆಯ ಕಾರು ಸಿಕ್ಕಲಿಲ್ಲ. “ನಿಮ್ಮ ಗಾಡಿಯಲ್ಲಿಯೇ ಹೋಗೋಣ” ಎಂದು ಆಕೆ ಎಂದಳು. ನೂರು ಸೀಸೀಯ ಗಾಡಿ ಇಬ್ಬರನ್ನು ಹೊತ್ತು, ಮಳೆಯಲ್ಲಿ, ಆ ಏರುದಾರಿಯನ್ನು ಹತ್ತಲಾರದೆಂದು ನಾನೇ ನಿಶ್ಚಯಿಸಿದೆ. ಬೆಳಗಿನ ಬಸ್ಸು ಹತ್ತಿದೆವು. ಚಿಕ್ಕಮಗಳೂರಿನಲ್ಲಿ ಮುಂದಿನದಕ್ಕೆ ಕಾದೆವು. ನಾವು ಹೋಗಿ ಸೇರುವಷ್ಟರಲ್ಲಿ ಎಲ್ಲವೂ ಮುಗಿದು, ಮನೆಯವರು ಸ್ನಾನ ಮಾಡಿ ಜಗಲಿಯಲ್ಲಿ ಕುಳಿತಿದ್ದರು. ಅಂದು ನಾನು ಮಾಡಿದ ನಿಶ್ಚಯ ತಪ್ಪೆಂದು ಈಗಲೂ ಹೇಳಲಾರೆ. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ಆಕೆ ಒಮ್ಮೆಯೂ ಆ ಮಾತನ್ನು ಎತ್ತಿರಲಿಲ್ಲ. ಎತ್ತದಿದ್ದುದರಿಂದ ಮರೆತಿರುವಳೆಂದು ನಾನು ತಿಳಿದಿದ್ದೆ.

ಆ ರಾತ್ರಿ ನೋಟುಪುಸ್ತಕವನ್ನು ತೆರೆದು ನೋಡಿದೆ. ಪ್ರಯೋಜನವನ್ನು ತಪ್ಪಾಗಿ ಬರೆದಿದ್ದೆ. ಅಧಿಕಾರಿಯನ್ನು ಅರ್ಧ ಮಾತ್ರ ಬರೆದಿದ್ದೆ. ವಿಷಯವೊಂದನ್ನೇ ನಾಲ್ಕು ಪುಟ ತುಂಬಿಸಿದ್ದೆ. ಪರೀಕ್ಷೆಯಲ್ಲಿ ಇಂಥ ಉತ್ತರವನ್ನು ಬರೆದ ಹುಡುಗರಿಗೆ ನಾನು ಎಷ್ಟು ಅಂಕ ಕೊಡುತ್ತಿದ್ದೆನೆಂದು ನನಗೆ ಚೆನ್ನಾಗಿ ಗೊತ್ತು.

ಪ್ರಯೋಜನ ಸರಿಯಾದೊಡನೆ ಲೆಕ್ಕವೂ ಸರಿಯಾಯಿತು. ಇಬ್ಬರು, ಒಂದು ಚೀಲ, ಮಲೆನಾಡಿನ ಏರುದಾರಿ, ಗಂಟೆಗೆ ಐವತ್ತು ಅರುವತ್ತು ಕಿಲೋಮೀಟರಿನ ನಡೆ. ಇದಕ್ಕೆ ಬೇಕಾದದ್ದು ಅಶ್ವಶಕ್ತಿಗಿಂತ ಮಿಗಿಲಾಗಿ ಟಾರ್ಕು ಎಂಬ ತಿರುಗುಬಲ. ಜಟಕಾ ಕುದುರೆಯ ಓಟ ಬೇರೆ, ಗಾಡಿಯ ಎತ್ತಿನ ಎಳೆತ ಬೇರೆ. 350ರ ತಿರುಗುಬಲ 27 ನ್ಯೂಟನ್ ಮೀಟರು. ಯಂತ್ರ ನಿಮಿಷಕ್ಕೆ 4,000 ಸುತ್ತು ತಿರುಗುವಾಗಲೇ ಅದು ದೊರೆಯುವುದು. ಬೋರಿಗಿಂತ ಸ್ಟ್ರೋಕು ಉದ್ದವಾದ ಯಂತ್ರಕ್ಕೆ ಸಾಮಾನ್ಯವಾಗಿ ಈ ಗುಣವುಂಟು. ನಿಧಾನವಾಗಿ ತಿರುಗುತ್ತಲೇ ಎಳೆಯಬಲ್ಲದು. ಅವೆಂಜರ್ 220ರಲ್ಲಿ ಸುಮಾರು 17.5 ನ್ಯೂಟನ್ ಮೀಟರು, ಅದೂ 7,000 ಸುತ್ತಿನಲ್ಲಿ. ಒಬ್ಬನೇ ಪೇಟೆಯಲ್ಲಿ ತಿರುಗುವುದಕ್ಕೆ ಅದು ಹಗುರ, ಉತ್ತಮ. ಇಬ್ಬರನ್ನು ಹೊತ್ತು ಏರು ಹತ್ತುವಾಗ ಮೇಲಿಂದ ಮೇಲೆ ಗೇರು ಇಳಿಸಬೇಕು. 650ರ 52 ನ್ಯೂಟನ್ ಮೀಟರು ಬೇಡವೆನ್ನುವವರಾರು? ಆದರೆ ಅದರೊಂದಿಗೆ 50 ಕಿಲೋಗ್ರಾಮು ಹೆಚ್ಚಿನ ತೂಕವೂ ಬರುವುದು. ಮಲೆನಾಡಿನ ಕೆಸರಂಗಳದಲ್ಲಿ ಅದನ್ನು ಹಿಂದಕ್ಕೆ ತಳ್ಳಿ ತಿರುಗಿಸತಕ್ಕವರು ಮೊಣಕಾಲು ನೋವಿನ ಮುದುಕನೂ ಆತನ ಹೆಂಡತಿಯೂ ತಾನೆ?

ಮರುವಾರ ಮತ್ತೆ ಅಂಗಡಿಗೆ ಹೋದೆವು. ಈ ಸಲ ಪರೀಕ್ಷೆ ಮಾಡಿದವಳು ನನ್ನ ಗೃಹಿಣಿ. ಹಿಂದಿನ ಆಸನದಲ್ಲಿ ಕುಳಿತು ಕಾಲಿಡುವ ಮೆಟ್ಟನ್ನು ನೋಡಿದಳು. ಬೆನ್ನಿಗೆ ಒರಗು ಬೇಕೆಂದಳು. ಹಿಡಿದುಕೊಳ್ಳಲು ಕಂಬಿಯಿದೆಯೇ, ಗಾಲಿಗೆ ಸೀರೆ ಸಿಕ್ಕದಂತೆ ಅಡ್ಡವುಂಟೇ ಎಂದು ವಿಚಾರಿಸಿದಳು. ಇವುಗಳನ್ನು ಒದಗಿಸಬೇಕೆಂದು ಮೋಟಾರು ವಾಹನದ ನಿಯಮಗಳಲ್ಲಿಯೇ ಇರುವುದು ನನಗೆ ಗೊತ್ತಿರಲಿಲ್ಲ, ಆಕೆಗೆ ಗೊತ್ತಿತ್ತು. ಕೊನೆಗೆ, “ದೂರ ಹೋಗುವಾಗ ನಾನು ಚೂಡಿದಾರ ತೊಟ್ಟು ಎರಡು ಕಡೆಗೂ ಕಾಲು ಹಾಕಿ ಕೂರುತ್ತೇನೆ, ಅದೇ ಭದ್ರ” ಎಂದು ತಾನೇ ತೀರ್ಮಾನ ಹೇಳಿದಳು. ನಾನು 350ನ್ನು ಅದೇ ಇಳಿಜಾರಿನಲ್ಲಿ, ಅದೇ ಜಲ್ಲಿಯ ಮೇಲೆ ನಿಲ್ಲಿಸಿ, ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ, ಎಡಕ್ಕೂ ಬಲಕ್ಕೂ ವಾಲಿಸಿ ಹಿಡಿದು ನೋಡಿದೆ. 191 ಕಿಲೋಗ್ರಾಮೂ ಹಗುರವೇನಲ್ಲ. ಆದರೆ ನನ್ನ ಮಾತನ್ನು ಕೇಳಿತು. ಶಿಷ್ಯನು, “ಮೇಷ್ಟ್ರೇ, ಓಡಿಸಿ ನೋಡುವುದಿಲ್ಲವೇ?” ಎಂದನು. “ಓಡುವಾಗ ಎಲ್ಲವೂ ಚೆನ್ನಾಗಿಯೇ ಇರುತ್ತದಪ್ಪ” ಎಂದೆ.

ಮಗನಿಗೆ ತಿಳಿಸಿದಾಗ ಅವನಿಗೆ ಕೊಂಚ ನಿರಾಶೆಯಾಯಿತು. ತಾಯಿಯೊಡನೆ ಬಹಳ ಹೊತ್ತು ಮಾತನಾಡಿದನು. ಆ ಮೇಲೆ ಇಬ್ಬರಿಗೂ ಒಳ್ಳೆಯ ಹೆಲ್ಮೆಟ್ಟುಗಳನ್ನು ಕಳುಹಿಸಿದನು.

ನನ್ನಂತೆ ವಿಚಾರದಲ್ಲಿ ತೊಡಗಿರುವ ವಾಚಕರು ಯಾರಾದರೂ ಇದ್ದರೆ ಅವರಿಗೆ ಹೇಳತಕ್ಕದ್ದು ಇಷ್ಟೆ. ಒಬ್ಬರೇ ಊರೊಳಗೆ ಓಡಾಡುವವರಿಗೆ ಇನ್ನೂರರ ಆಸುಪಾಸು ಸಾಕು. ಇಬ್ಬರು ಕೂಡಿ ಏರುದಾರಿಯಲ್ಲಿ ಹೋಗತಕ್ಕವರಿಗೆ ಮುನ್ನೂರೈವತ್ತು ತಕ್ಕದ್ದು. ದೇಹಬಲವೂ ಅಭ್ಯಾಸವೂ ಉಳ್ಳವರು, ದಿನವೆಲ್ಲ ಅಗಲವಾದ ರಸ್ತೆಯಲ್ಲಿ ಹೋಗುವವರು, ಅದಕ್ಕಿಂತ ದೊಡ್ಡದನ್ನು ಧಾರಾಳವಾಗಿ ಕೊಳ್ಳಲಿ. ಆದರೆ ಅಂಗಡಿಗೆ ಹೋಗುವ ಮುನ್ನ, ಎಲ್ಲಿಗೆ ಹೋಗಬೇಕೆಂದು ಹಿಂದೆ ಕೂರುವವರನ್ನು ಕೇಳಲಿ. ನಿಂತ ವಾಹನವನ್ನು ತಳ್ಳಿ ನೋಡಲಿ. ಆ ಮೇಲೆ ಓಡಿಸಲಿ.

ಡಿಸೆಂಬರಿನಲ್ಲಿ ಒಂದು ಮುಂಜಾನೆ ಹೊರಟೆವು. ಐವತ್ತು ಕಿಲೋಮೀಟರಿಗೊಮ್ಮೆ ನಿಂತು ಕಾಲು ನೀಡಿದೆವು. ಬೇಲೂರಿನಲ್ಲಿ ಊಟ. ಆಲ್ದೂರು ದಾಟಿದ ಮೇಲೆ ಕಾಫಿ ತೋಟಗಳ ನಡುವೆ ದಾರಿ ಸಾಗಿತು. ಯಂತ್ರ ಅವಸರವಿಲ್ಲದೆ, ಒಂದೇ ಶ್ರುತಿಯಲ್ಲಿ ಎಳೆಯಿತು. ಒಂದು ತಿರುವಿನಲ್ಲಿ ಹಿಂದಿನಿಂದ, “ಇಲ್ಲಿಯೇ ಅಂದು ಬಸ್ಸು ಬಹಳ ಹೊತ್ತು ನಿಂತಿತ್ತು” ಎಂಬ ಮಾತು ಕೇಳಿಸಿತು. ನಾನು ಉತ್ತರ ಕೊಡಲಿಲ್ಲ.

ಭದ್ರಾ ನದಿಯನ್ನು ದಾಟಿ ಮನೆಯ ಅಂಗಳವನ್ನು ಸೇರಿದಾಗ ಇನ್ನೂ ಬಿಸಿಲಿತ್ತು. ಎಂಬತ್ತನಾಲ್ಕು ವರ್ಷದ ಅತ್ತೆಯವರು ಜಗಲಿಯಲ್ಲಿ ಕುಳಿತು ಅಡಕೆ ಆರಿಸುತ್ತಿದ್ದರು. ಸದ್ದು ಕೇಳಿ, ಕಣ್ಣಿಗೆ ಕೈಯನ್ನು ಮರೆಮಾಡಿಕೊಂಡು ನೋಡಿದರು. ಹೆಲ್ಮೆಟ್ಟು ತೆಗೆದು ಹತ್ತಿರ ಬಂದ ಮಗಳ ಗುರುತು ಹತ್ತುವುದಕ್ಕೆ ಸ್ವಲ್ಪ ಹೊತ್ತಾಯಿತು. ಆ ಮೇಲೆ ಆಕೆಯ ಎರಡು ಕೈಗಳನ್ನೂ ಹಿಡಿದುಕೊಂಡು ಕೇಳಿದರು: “ಇದು ಬಸ್ಸು ಬರುವ ಹೊತ್ತಲ್ಲವಲ್ಲೇ. ಹೇಗೆ ಬಂದೆ?”